ಜೋಡಿ ಪರೀಕ್ಷೆ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಸೂಜಿಮಲ್ಲಿಗೆ,

ಗಡಿಯಾರದಕ್ಕ ಮಾಡುವ ಆಶೀರ್ವಾದಗಳು. ಇಲ್ಲಿ ನಾನು ಕ್ಷೇಮ ಅಂತ ಬರೆಯಬೇಕು, ಬರೆದಿದ್ದೇನೆ, ನಂಬಿಕೋ. ನಿನ್ನ ಕಾಗದ ಬಂದು ಆರು ವಾರವಾಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಪುರುಸೊತ್ತಿರಲಿಲ್ಲ ಅಂದರೆ ನೀನು ನಂಬುವವಳಲ್ಲ. ಮಾತ್ರೆ ಕೊಡುವುದರಲ್ಲಿ ಎರಡು ನಿಮಿಷ ಆಚೀಚೆ ಮಾಡದವಳು ಅಂತಲೇ ತಾನೇ ವಾರ್ಡಿನಲ್ಲಿ ನನಗೆ ಈ ಹೆಸರು ಬಿದ್ದದ್ದು. ಮೂರು ಸಲ ಬರೆದೆ, ಮೂರು ಸಲ ಹರಿದು ಹಾಕಿದೆ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ಮಾತು ತಿರುಗಿಸಿಬಿಡುತ್ತೀಯ.

ಜರ್ಮನಿಯ ನಿನ್ನ ಕೋಣೆಯ ಫೋಟೊಗಳು ಚೆನ್ನಾಗಿ ಬಂದಿವೆ. ಮಂಚ, ಬಿಳಿ ಪರದೆಯ ಕಿಟಕಿ, ಮೂಲೆಯಲ್ಲಿ ಚಿಕ್ಕ ಮೇಜು. ಬೀಗದ ಕೈಯದ್ದೂ ಒಂದು ಫೋಟೊ ತೆಗೆದು ಕಳಿಸಿದ್ದೀಯಲ್ಲ, ಪುಣ್ಯಾತ್ಗಿತ್ತಿ! ಒಳಗಿನಿಂದ ಚಿಲಕ ಹಾಕಿಕೊಂಡು ನಿಶ್ಚಿಂತೆಯಾಗಿ ಮಲಗುತ್ತೀನಿ ಅಂತ ಬರೆದಿದ್ದೀಯ. ಒಳ್ಳೆಯದಾಯಿತು, ಮಲಗು.

ಇನ್ನು ನಿನ್ನ ಗೋಳಿನ ವಿಚಾರ. ‘ಏನು ಸಿಕ್ಕಿದರೂ ಡೀ ಡೀ ಅಂದ್ಬಿಡ್ತೀನಿ ಅಕ್ಕ, ಇಲ್ಲಿನ ವಾರ್ಡಿನ ಹಲ್ಲಿಲ್ಲದ ಅಜ್ಜಂದಿರೂ ನಗ್ತಾರೆ, ನಿನ್ನ ಬಣ್ಣದ ಪುಸ್ತಕ ಕಳಿಸು’ ಅಂದಿದ್ದೀಯ. ನಗದೆ ಏನು ಮಾಡುತ್ತಾರೆ? ನಮ್ಮ ಮಾತಿನಲ್ಲಿ ಚಮಚವೂ ಅದು, ಬಾಗಿಲೂ ಅದು, ತಕರಾರೇ ಇಲ್ಲ. ಆ ಜನಕ್ಕೆ ಒಂದೊಂದು ಸಾಮಾನೂ ಗಂಡೋ ಹೆಣ್ಣೋ ಎರಡೂ ಅಲ್ಲವೋ ಅಂತ ತೀರ್ಮಾನವಾಗಬೇಕು, ಅದರ ಹಿಂದೆ ಡೆರ್, ಡೀ, ಡಾಸ್ ಅಂತ ಕಾವಲು ಬೇರೆ. ಜೆರಾಕ್ಸ್ ಅಂಗಡಿ ಮೇಲಿನ ಕೋಣೆಯಲ್ಲಿ ಜರ್ಮನ್ ಮೇಷ್ಟ್ರು ಮೊದಲ ದಿನವೇ ಹೇಳಿರಲಿಲ್ಲವೇ, ‘ಯಾಕೆ ಅಂತ ಕೇಳ್ಬೇಡಿ ಸಿಸ್ಟರ್, ಕೇಳಿದೋರು ಯಾರೂ ಪಾಸಾಗಿಲ್ಲ’ ಅಂತ?

ನೀನು ಎರಡನೇ ವಾರವೇ ಕೈಚೆಲ್ಲಿ ಕೂತಿದ್ದೆ. ಆಗ ದಾರಿ ಹುಡುಕಿದವಳು ನಾನು. ಡೆರ್ ಪದಗಳೆಲ್ಲ ಆಂಬ್ಯುಲೆನ್ಸ್ ಡ್ರೈವರನ ಜೇಬಿಗೆ: ಚಮಚ, ಬ್ಯಾಂಡೇಜು, ಕುರ್ಚಿ. ‘ಕುರ್ಚಿ ಹೇಗಕ್ಕ ಜೇಬಿಗೆ ಹಿಡಿಸತ್ತೆ?’ ಅಂದೆ ನೀನು. ಅವನ ಹೊಟ್ಟೆ ನೋಡಿದ್ದೀಯಲ್ಲ, ಜೇಬೂ ಅಷ್ಟೇ ದೊಡ್ಡದು ಅಂದೆ ನಾನು. ಡೀ ಪದಗಳೆಲ್ಲ ಮೇಟ್ರನ್ ಅಮ್ಮನ ಕಪಾಟಿಗೆ: ಸಿರಿಂಜು, ದೀಪ, ಬಾಗಿಲು. ಡಾಸ್ ಪದಗಳು ಯಾರಿಗೂ ಬೇಡವಾಗಿ ಕಾರಿಡಾರಿನಲ್ಲಿ ಬಿದ್ದಿರುವಂಥವು: ಮಂಚ, ಕಿಟಕಿ, ಜ್ವರ. ಆಮೇಲೆ ಡೆರ್‌ಗೆ ನೀಲಿ, ಡೀಗೆ ಕೆಂಪು, ಡಾಸ್‌ಗೆ ಹಸಿರು ಚೀಟಿ ಕತ್ತರಿಸಿ ವಾರ್ಡಿನ ತುಂಬ ಅಂಟಿಸಿದೆವು. ಕಾಲು ಮುರಿದುಕೊಂಡು ಬಂದಿದ್ದ ಆ ರಿಟೈರ್ಡ್ ಪೋಸ್ಟ್‌ಮಾಸ್ಟರು ‘ನನ್ನ ಕಾಲು ಯಾವ ಬಣ್ಣ ತಾಯಿ?’ ಅಂತ ಕೇಳಿ ಪ್ಲಾಸ್ಟರಿನ ಮೇಲೆ ಹಸಿರು ಚೀಟಿ ಅಂಟಿಸಿಕೊಂಡೇ ಡಿಸ್ಚಾರ್ಜ್ ಆದರು. ಮೇಟ್ರನ್ ಅಮ್ಮ ರೌಂಡ್ಸಿಗೆ ಬಂದು, ‘ಇದೇನು ಆಸ್ಪತ್ರೆಯೋ ಶಿಶುವಿಹಾರವೋ?’ ಅಂತ ಕೂಗಾಡಿದಾಗ ಬೈಸಿಕೊಂಡವಳು ನಾನೊಬ್ಬಳೇ. ನೀನು ಥರ್ಮಾಮೀಟರ್ ಹಿಡಿದು ಎಷ್ಟು ಭಕ್ತಿಯಿಂದ ನೋಡುತ್ತಿದ್ದೆ!

ಪದಗಳನ್ನೆಲ್ಲ ಅದೇ ಮೂರು ಬಣ್ಣದಲ್ಲಿ ಬರೆದಿಟ್ಟ ಆ ಪುಸ್ತಕ ಕಳಿಸಲಾರೆ. ಹೊಸ ಬ್ಯಾಚಿನ ಮೂವರು ಸಿಸ್ಟರುಗಳಿಗೆ ಕೊಟ್ಟಿದ್ದೇನೆ. ಡ್ಯೂಟಿ ಮುಗಿದ ಮೇಲೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅರ್ಧ ಗಂಟೆ ಪಾಠ. ಮೂವರೂ ಚುರುಕು. ಒಬ್ಬಳಂತೂ ನಿನ್ನ ಹಾಗೆಯೇ ಪೆನ್ಸಿಲು ಕಚ್ಚುತ್ತಾಳೆ, ಅವಳ ಕಡೆ ನೋಡದೆ ಪಾಠ ಹೇಳುತ್ತೇನೆ. ನೀನು ಕೇಳಿದ ಪದಗಳನ್ನು ಮಾತ್ರ ಬರೆಯುತ್ತೇನೆ, ನೋಡಿಕೋ. ನೋವು ಗಂಡು, ಡ್ರೈವರನ ಜೇಬಿಗೆ. ಗಾಯ ಹೆಣ್ಣು, ಮೇಟ್ರನ್ ಅಮ್ಮನಿಗೆ. ರಕ್ತ ಎರಡೂ ಅಲ್ಲ. ಇಷ್ಟು ಸರಿಯಾಗಿ ಹೇಳಿದರೆ ಅಜ್ಜಂದಿರು ಬಾಯಿ ಮುಚ್ಚುತ್ತಾರೆ.

‘ಭಾಷೆ ಎಲ್ಲರಿಗೂ ಹತ್ತಲ್ಲ ಅಕ್ಕ, ನೀನು ಮನಸ್ಸಿಗೆ ಹಚ್ಕೋಬೇಡ’ ಅಂತ ಕೊನೆಯಲ್ಲಿ ಸಮಾಧಾನ ಬರೆದಿದ್ದೀಯ. ಓದಿ ಮೈ ಉರಿದುಹೋಯಿತು. ಉಳಿದ ಪೇಪರುಗಳಲ್ಲೆಲ್ಲ ನಿನಗಿಂತ ನನಗೇ ಹೆಚ್ಚು ಮಾರ್ಕ್ಸ್ ಬಂದಿತ್ತು, ಮರೆತೆಯಾ? ಹೋದದ್ದು ಮಾತಿನ ಪರೀಕ್ಷೆ ಒಂದೇ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಮೇಜಿನ ಮೇಲೆ ಬೋರಲು ಹಾಕಿದ ಚೀಟಿ ಎತ್ತಿಸುತ್ತಾರಲ್ಲ, ಅದು. ಚೀಟಿಯಲ್ಲಿ ಒಂದು ಪದ. ಎತ್ತಿದವಳು ಅದರ ಮೇಲೆ ಪ್ರಶ್ನೆ ಕೇಳಬೇಕು, ಎದುರಿಗಿರುವವಳು ಉತ್ತರ ಹೇಳಬೇಕು. ನಾವು ನಲವತ್ತು ಪದಕ್ಕೆ ನಲವತ್ತು ಪ್ರಶ್ನೆ, ನಲವತ್ತು ಉತ್ತರ ಬರೆದು ಬಾಯಿಪಾಠ ಮಾಡಿದ್ದೆವು. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಲಿಫ್ಟಿನಲ್ಲಿ ನೀನು ಕೇಳುವುದು, ನಾನು ಹೇಳುವುದು. ಆದರೂ ಆ ದಿನ ನಿನ್ನ ಎದುರಿಗೆ ಕೂತು ನನ್ನ ಬಾಯಿ ಕಟ್ಟಿಹೋಯಿತು. ಪರೀಕ್ಷೆ ಮಾಡುವಾಕೆ ನೀರು ಕೊಟ್ಟಳು, ಕಾದಳು, ಆಮೇಲೆ ಏನೋ ಬರೆದುಕೊಂಡಳು. ಹೊರಗೆ ಬಂದು ನೀನೇ ಬೆನ್ನು ಸವರಿ ‘ಗಾಬರಿಯಾಯ್ತು ಕಣಕ್ಕ, ಎಲ್ಲರಿಗೂ ಆಗತ್ತೆ’ ಅಂದೆ. ನಾನೂ ಇಷ್ಟು ದಿನ ಗಾಬರಿಯೇ ಅಂದುಕೊಂಡಿದ್ದೆ.

ಮನೆಯ ಸಮಾಚಾರ ಹೊಸದೇನಿಲ್ಲ. ನಾವು ಕ್ಲಾಸಿಗೆ ಸೇರಿದ ಮೂರನೇ ತಿಂಗಳಲ್ಲೇ ಅತ್ತಿಗೆ, ‘ನೀನು ಹೇಗೂ ವಿದೇಶಕ್ಕೆ ಹೊರಟೋಳು, ಆ ರೂಮು ಯಾಕೆ ದಂಡಕ್ಕೆ ಬಿಡ್ಬೇಕು’ ಅಂತ ನನ್ನ ಹಾಸಿಗೆ ಎತ್ತಿಸಿ ಅಡುಗೆಮನೆ ಪಕ್ಕದ ಸಾಮಾನು ಕೋಣೆಗೆ ಹಾಕಿಸಿದ್ದು ನಿನಗೆ ಗೊತ್ತೇ ಇದೆ. ನಾಚಿಕೆಗೆ ನಿನ್ನೊಬ್ಬಳ ಹತ್ತಿರ ಬಿಟ್ಟು ಯಾರ ಹತ್ತಿರವೂ ಹೇಳಿರಲಿಲ್ಲ. ಈಗಲೂ ಅಲ್ಲೇ ಇದ್ದೇನೆ, ಗ್ಯಾಸ್ ಸಿಲಿಂಡರಿನ ಪಕ್ಕ. ಬೆಳಿಗ್ಗೆ ಐದಕ್ಕೆ ಅತ್ತಿಗೆ ಡಬ್ಬ ತೆಗೆಯಲು ನನ್ನ ಕಾಲು ದಾಟಿಕೊಂಡು ಬರುತ್ತಾರೆ. ಅಣ್ಣ ಒಳ್ಳೆಯವನೇ, ‘ಸ್ವಲ್ಪ ದಿನ ಸುಧಾರಿಸ್ಕೊ’ ಅನ್ನುತ್ತಾನೆ. ಆದರೆ ಹೋದ ತಿಂಗಳು ನನಗೆ ನಲವತ್ತು ತುಂಬಿತು. ನಲವತ್ತಾದವರ ಅರ್ಜಿಯನ್ನು ನರ್ಸುಗಳನ್ನು ಜರ್ಮನಿಗೆ ಕಳಿಸುವ ಏಜೆಂಟರು ಮುಟ್ಟುವುದೂ ಇಲ್ಲ ಅಂತ ನಿನಗೆ ಗೊತ್ತಿದ್ದದ್ದೇ. ಇನ್ನು ಸುಧಾರಿಸಿಕೊಳ್ಳುವುದು ಯಾವ ದಿನಕ್ಕೆ ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ರೋಗಿಗಳನ್ನು ಒಬ್ಬಳೇ ಎತ್ತಲು ಹೋಗಿ ಸೊಂಟ ಹಾಳು ಮಾಡಿಕೊಳ್ಳಬೇಡ. ನಿನ್ನ ಕೈಗುಣ ದೊಡ್ಡದು, ಅದೊಂದು ಸದಾ ನಿನ್ನನ್ನು ಕಾಪಾಡಲಿ. ಆ ಊರು ನಿನ್ನನ್ನು ತನ್ನವಳನ್ನಾಗಿ ಮಾಡಿಕೊಳ್ಳಲಿ.

ಇಂತು,
ಗಡಿಯಾರದಕ್ಕ

ತಾ.ಕ.: ಬರೆಯಬಾರದು ಅಂತಲೇ ಮೂರು ಸಲ ಹರಿದದ್ದು. ನಾಲ್ಕನೇ ಸಲ ಹರಿಯಲು ಮನಸ್ಸಾಗಲಿಲ್ಲ. ನಿನ್ನ ಕಾಗದ ಬಂದ ಮರುವಾರವೇ ನನ್ನ ಸರ್ಟಿಫಿಕೇಟುಗಳನ್ನು ವಾಪಸು ತರಲು ಏಜೆಂಟರ ಆಫೀಸಿಗೆ ಹೋಗಿದ್ದೆ. ಆತ ಕವರು ಕೊಡುತ್ತ, ‘ಏನು ಮಾಡೋದು ಸಿಸ್ಟರ್, ನಿಮ್ಮ ಆಸ್ಪತ್ರೆಯಿಂದ ಈ ಸಲ ಒಂದೇ ಜಾಗ ಇತ್ತು. ಪರೀಕ್ಷೆ ಹಿಂದಿನ ದಿನ ನಿಮ್ಮ ಫ್ರೆಂಡ್ ಬಂದಾಗ್ಲೇ ಹೇಳಿದ್ನಲ್ಲ. ಇಬ್ಬರೂ ಪಾಸಾದ್ರೆ ಮಾರ್ಕ್ಸ್ ಜಾಸ್ತಿ ಇರೋರಿಗೆ ಅಂತ. ಅವರು ನಿಮಗೆ ತಿಳಿಸ್ಲಿಲ್ವಾ?’ ಅಂದ. ತಿಳಿಸಿದ್ದಳು, ನನಗೇ ಮರೆತಿತ್ತು ಅಂದು ಬಂದೆ. ನಿನ್ನ ಮಾನ ಉಳಿಸುವುದು ನನಗೆ ಅಭ್ಯಾಸವಾಗಿಹೋಗಿದೆ.

ನೀನು ಎತ್ತಿದ ಚೀಟಿಯಲ್ಲಿ ಇದ್ದದ್ದು ‘ಮನೆ’. ನಾವು ಬಾಯಿಪಾಠ ಮಾಡಿದ್ದ ಪ್ರಶ್ನೆ, ನಿನ್ನ ಮನೆಯಲ್ಲಿ ಎಷ್ಟು ಕೋಣೆ ಇವೆ ಅಂತ. ನೀನು ಚೀಟಿ ನೋಡಿದೆ, ನನ್ನ ಮುಖ ನೋಡಿದೆ, ಆಮೇಲೆ ಕೇಳಿದೆ: ನಿನ್ನ ಕೋಣೆ ಯಾವುದು? ಉತ್ತರ ನನಗೆ ಬರುತ್ತಿತ್ತು ಕಣೇ. ಒಂದು ತಪ್ಪೂ ಇಲ್ಲದೆ ಜರ್ಮನ್‌ನಲ್ಲೇ ಹೇಳಬಲ್ಲವಳಾಗಿದ್ದೆ. ಲೋಕದಲ್ಲಿ ಬೇರೆ ಯಾರು ಕೇಳಿದ್ದರೂ ಹೇಳಿಬಿಡುತ್ತಿದ್ದೆ.