ಫಕೀರವ್ವನಿಗೆ ನೀನು ಹೇಳದ ಮಾತು

ಮೂಡಲಗಿ ದವಾಖಾನೆ
ಶ್ರಾವಣ, ೧೯೩೭

ತಮ್ಮಾ ಸೋಮಪ್ಪಾ,

ನಾನಿಲ್ಲಿ ಕ್ಷೇಮ, ನೀನಲ್ಲಿ ಕ್ಷೇಮವೇ ಎಂದು ಕೇಳಬೇಕು. ಕೇಳುವುದಿಲ್ಲ. ನೀನು ಎಷ್ಟು ಕ್ಷೇಮವಾಗಿದ್ದೀ ಎಂಬುದನ್ನು ಪಂಚಮಿಗೆ ಗೋಕಾಕಕ್ಕೆ ಬಂದಾಗ ಕಣ್ಣಾರೆ ನೋಡಿದ್ದೇನೆ. ನೀನು ಹಬ್ಬದ ಉಂಡಿ ಮೆಲ್ಲುತ್ತ, ಮುಂಬಯಿಯಿಂದ ತಂದ ಸರ್ಟಿಫಿಕೇಟನ್ನು ಹುಕ್ಕೇರಿಯ ಬೀಗರಿಗೆ ತೋರಿಸುತ್ತ ಕೂತಿದ್ದೆ. ಕಣ್ಣಿನ ಡಾಕ್ಟರರಿಗೆ ಹೊಸ ವಿದ್ಯೆ ಕಲಿಸಲು ಮಾಘದಲ್ಲಿ ನಡೆದ ಮೂರು ವಾರದ ತರಬೇತಿಯಂತೆ, ಇಡೀ ಜಿಲ್ಲೆಯಿಂದ ನಿನ್ನೊಬ್ಬನನ್ನೇ ಕರೆದಿದ್ದರಂತೆ. ಬೀಗರು ತಲೆದೂಗಿದರು. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಆಮೇಲೆ ಹಾಸಿಗೆ ತೆಗೆಯಲೆಂದು ಪೆಟ್ಟಿಗೆ ತೆರೆದಾಗ ತಳದಲ್ಲಿ ನಿನ್ನ ನೋಟುಬುಕ್ಕು ಸಿಕ್ಕಿತು. ಸರ್ಟಿಫಿಕೇಟಿಗೆ ಗಾಜಿನ ಚೌಕಟ್ಟು, ಕಲಿತ ವಿದ್ಯೆಗೆ ಕೌದಿಯ ಅಡಿಯ ಜಾಗ. ತೆರೆದು ಓದಿದೆ. ಹನ್ನೊಂದನೆಯ ಹಾಳೆಯಲ್ಲಿ ನಿನ್ನದೇ ಅಕ್ಷರದಲ್ಲಿ ಹೀಗಿತ್ತು: ಕೂಸಿನ ಕಣ್ಣಿಗೆ ಹಾಕುವ ಬೆಳ್ಳಿಯ ಔಷಧ ಹದಿನೈದು ದಿನ ದಾಟಿದರೆ ಚೆಲ್ಲಬೇಕು. ನೀರು ಆರಿದಂತೆ ಔಷಧ ಖಾರವಾಗಿ ಕಣ್ಣು ಸುಡುತ್ತದೆ. ಕೆಳಗೆ ಎರಡು ಗೆರೆ ಎಳೆದು, 'ಸೂಲಗಿತ್ತಿಯರಿಗೆ ತಪ್ಪದೆ ತಿಳಿಸುವುದು' ಎಂದು ಬರೆದಿದ್ದೆ.

ತಿಳಿಸಿದೆಯಾ?

ಎರಡು ವರ್ಷದ ಹಿಂದೆ ನಾನೇ ನಿನ್ನ ಬೆನ್ನು ಹತ್ತಿ ಆ ಔಷಧವನ್ನು ಸೂಲಗಿತ್ತಿಯರ ಕೈಗೆ ಕೊಡಿಸಿದ್ದು. ಹುಟ್ಟಿದ ಕೂಸಿನ ಕಣ್ಣು ಕೀವಾಗಿ ಕುರುಡಾಗುವುದನ್ನು ಈ ದವಾಖಾನೆಯಲ್ಲಿ ನರ್ಸಾಗಿ ನೋಡಿ ನೋಡಿ ಸಾಕಾಗಿತ್ತು. ಕಣ್ಣಿಗೊಂದು ಹನಿ, ಅಷ್ಟೇ ಎಂದು ನೀನು ಹೇಳಿಕೊಟ್ಟೆ. ಶೀಸೆ ತುಂಬಿಕೊಟ್ಟವಳು ನಾನು. ಕಲ್ಲೋಳಿಯ ಸೂಲಗಿತ್ತಿ ಫಕೀರವ್ವ ಅದನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಮನೆಗೆ ಹೋಗಿ ದೇವರ ಜಗಲಿಯ ಮೇಲೆ, ವಿಭೂತಿಯ ಗಟ್ಟಿಯ ಬಾಜೂಕ್ಕೆ, ದೀಪದ ಎದುರಿಗೆ ಇಟ್ಟಳು. ಕಣ್ಣು ಕೊಡುವ ತೀರ್ಥವನ್ನು ಮತ್ತೆಲ್ಲಿಡಬೇಕು ಹೇಳು? ಅವಳ ಲೆಕ್ಕದಲ್ಲಿ ತುಪ್ಪ ಹಳತಾದಷ್ಟೂ ಔಷಧದ ಗುಣ ಹೆಚ್ಚು. ಈ ನೀರೂ ಹಾಗೆಯೇ ಎಂದುಕೊಂಡಳು. ದೀಪದ ಕಾವಿಗೆ ನೀರು ಆರುತ್ತ ಹೋಯಿತು. ತಳದಲ್ಲಿ ಉಳಿದದ್ದನ್ನು, ಇದೇ ಎಲ್ಲಕ್ಕಿಂತ ಗಟ್ಟಿ ಎಂದು, ಮಗಳ ಬಾಣಂತನಕ್ಕೆ ಜೋಪಾನ ಮಾಡಿಟ್ಟಳು.

ವೈಶಾಖದಲ್ಲಿ ಮೊಮ್ಮಗಳು ಹುಟ್ಟಿದಳು. ಅಜ್ಜಿಯೇ ಹನಿ ಹಾಕಿದಳು. ನಾಲ್ಕನೆಯ ದಿನ ಕೂಸನ್ನು ನನ್ನ ಹತ್ತಿರ ತಂದಾಗ ಎರಡೂ ಕಣ್ಣಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿಪೊರೆ. ನೀನೂ ಬಂದು ನೋಡಿದೆ. ಇನ್ನು ಕಾಣುವುದಿಲ್ಲ ಎಂದೆ, ಕೈ ತೊಳೆದುಕೊಂಡೆ, ಗಾಡಿ ಹತ್ತಿದೆ. ಆಗಲೂ ಬಾಯಿ ಬಿಡಲಿಲ್ಲವಲ್ಲೋ!

ಕಲ್ಲೋಳಿಯಲ್ಲಿ ಅವಳಿಗೀಗ 'ಮೊಮ್ಮಗಳ ಕಣ್ಣ ತಿಂದಾಕಿ' ಎಂದು ಹೆಸರು. ಅವಳು ಯಾರ ಮನೆಗೂ ಹೋಗುವುದಿಲ್ಲ, ಹೋಗುತ್ತೇನೆಂದರೂ ಕರೆಯುವವರಿಲ್ಲ. ಸುದ್ದಿ ಕೇಳಿ ಸುತ್ತಲಿನ ಸೂಲಗಿತ್ತಿಯರೆಲ್ಲ ಶೀಸೆಗಳನ್ನು ತಂದು ನನ್ನ ಮುಂದೆ ಇಟ್ಟುಹೋದರು. ಹೋದ ತಿಂಗಳು ಮೇಳವಂಕಿಯಿಂದ, ಹುಟ್ಟಿದಾಗ ಯಾರೂ ಹನಿ ಹಾಕದ ಒಂದು ಗಂಡುಕೂಸು ಬಂತು, ರೆಪ್ಪೆ ತೆರೆದರೆ ಬರೀ ಕೀವು. ಒಂದು ಕಣ್ಣು ಉಳಿಸಿದೆ. ಇನ್ನೊಂದು ಹೋಯಿತು. ಅದೂ ನಿನ್ನ ಪೆಟ್ಟಿಗೆಯಲ್ಲಿದ್ದ ಹನ್ನೊಂದನೆಯ ಹಾಳೆಯ ಪುಣ್ಯವೇ.

ಪಂಚಮಿಯ ದಿನ ನೋಟುಬುಕ್ಕನ್ನು ನಿನ್ನ ಮುಂದೆ ಹಿಡಿದು ಕೇಳಿದೆ. ನೀನು ನಕ್ಕೆ. "ಸೂಲಗಿತ್ತ್ಯಾರ ಮುಂದ ಅದನ್ನೆಲ್ಲಾ ಹೇಳಿ ಏನ ಮಾಡೂದೈತಿ ಅಕ್ಕಾ? ನಾ ಏನ ಸಾಲಿ ಮಾಸ್ತರ ಅದೀನೇನು?" ಎಂದೆ. ಬೀಗರಿದ್ದರೆಂದು ನಾನು ನೋಟುಬುಕ್ಕನ್ನು ನನ್ನ ಚೀಲಕ್ಕೆ ಹಾಕಿಕೊಂಡು ಎದ್ದೆ. ಇಲ್ಲದಿದ್ದರೆ ಡಾಕ್ಟರ ಎಂದೂ ನೋಡದೆ ಕೆನ್ನೆಗೆ ಒಂದು ಕೊಡುತ್ತಿದ್ದೆ. ಮುಂಬಯಿಯಲ್ಲಿ ಕಲಿತದ್ದೇನು ನಮ್ಮಪ್ಪನ ಮನೆಯ ಗಂಟೇ, ಬಿಚ್ಚಿದರೆ ಸವೆಯಲಿಕ್ಕೆ? ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನಿನಗೆ ಒಕ್ಕಾಲಿನಲ್ಲೇ ಹೊಟ್ಟೆ ತುಂಬಿದೆ.

ನನ್ನನ್ನೂ ನಾನು ಬಿಡುವುದಿಲ್ಲ. ಶೀಸೆ ತುಂಬಿಕೊಟ್ಟವಳು, ಹಳೆಯದನ್ನು ಏನು ಮಾಡಿದಿರಿ ಎಂದು ಒಮ್ಮೆಯೂ ಕೇಳಲಿಲ್ಲ. ಆದರೆ ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ನಿನ್ನೆ ಕಲ್ಲೋಳಿಗೆ ಹೋಗಿದ್ದೆ. ಫಕೀರವ್ವ ಆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಔಷಧ ಹಳತಾಗಿ ಕೆಟ್ಟಿತ್ತು, ನಿನ್ನ ತಪ್ಪಲ್ಲ ಎಂದು ಹೇಳಿದೆ. ನಂಬಲಿಲ್ಲ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಕೂತು ಓದು.

"ಹಂಗ ಅನಬ್ಯಾಡ್ರಿ ಅಕ್ಕಾರ. ಹೋಳಿ ಹುಣ್ಣಿವಿ ಮುಂದ ಡಾಕ್ಟರ ಸಾಹೇಬ್ರು ಮುಂಬೈಕ ಹೋಗಿ ಬಂದ ಮ್ಯಾಲ ನಮ್ಮ ಮನಿಗಿ ಬಂದಿದ್ರು. ಇಲ್ಲೇ ಜಗಲಿ ಮುಂದ ಕುಂತು ಚಾ ಕುಡುದ್ರು. ಶೀಸಿ ಕೈಯಾಗ ತಗೊಂಡು ನೋಡಿ, ಇದನ್ನೂ ದೇವರ ಮಾಡೀಯಲ್ಲ ಮುದಕೀ ಅಂತ ನಕ್ಕು ಹೊಳ್ಳಿ ಅಲ್ಲೇ ಇಟ್ರು. ಔಷಧ ಕೆಟ್ಟಿದ್ರ ಅಂಥಾವರು ಹೇಳದ ಹೋಗ್ತಿದ್ರೇನು? ತಪ್ಪ ನನ್ನ ಕೈಯಾಂದ ಐತ್ರಿ."

ಸೋಮಪ್ಪಾ, ನೋಟುಬುಕ್ಕು ನನ್ನ ಚೀಲದಲ್ಲೇ ಇತ್ತು. ಅದನ್ನು ತೆಗೆದು ಓದಿ, ಅವನಿಗೆ ಗೊತ್ತಿತ್ತು, ಅವನು ನನ್ನ ತಮ್ಮ ಎಂದು ಹೇಳಲಾಗಲಿಲ್ಲ. ಅವಳು ಕೊಟ್ಟ ನೀರನ್ನೂ ಕುಡಿಯದೆ ಎದ್ದು ಬಂದೆ.

ಬರುವ ಸೋಮವಾರ ನೀನು ಕಲ್ಲೋಳಿಗೆ ಬಾ. ಓಣಿಯ ಮಂದಿಯ ಎದುರಿಗೆ, ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ ಎಂದು ಅವಳಿಗೆ ಹೇಳು. ಸೂಲಗಿತ್ತಿಯರನ್ನೆಲ್ಲ ನಾನು ಕರೆಸುತ್ತೇನೆ, ಹನ್ನೊಂದನೆಯ ಹಾಳೆಯನ್ನು ನೀನೇ ಓದು. ನೀನು ಬರದಿದ್ದರೆ ನಾನೇ ಓದುತ್ತೇನೆ. ಆ ದಿನದಿಂದ ಪಂಚಮಿಗೆ ನನ್ನ ದಾರಿ ನೋಡಬೇಡ.

ಬಸವಣ್ಣ ನಿನಗೆ ಒಳ್ಳೆಯದು ಮಾಡಲಿ. ಅದಕ್ಕೂ ಮೊದಲು ನಿನ್ನ ಬಾಯಿ ಬಿಡಿಸಲಿ.

ಇನ್ನೂ ನಿನ್ನ ಅಕ್ಕ,
ಕಾಶೆವ್ವ