ನನ್ನ ಹೆಸರಿನ ಬಾಕಿ

ಟೊಲೀಡೊ, ಒಹಾಯೊ
19 ಅಕ್ಟೋಬರ್ 2019

ಪ್ರೀತಿಯ ಟೆರೆಲ್ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಸರೋವರದ ಮೇಲೆ ಈಗ ಕೊರೆಯುವ ಗಾಳಿ ಶುರುವಾಗಿರಬೇಕು, ಡೆಕ್ಕಿಗೆ ಹೋಗುವಾಗ ಕಿವಿ ಮುಚ್ಚಿಕೋ. ಡೆಟ್ರಾಯ್ಟಿನ ಅಂಚೆದೋಣಿಯವರು ಇದನ್ನು ನಿನ್ನ ಹಡಗಿಗೆ ಮುಟ್ಟಿಸುವಷ್ಟರಲ್ಲಿ ವಾರ ಕಳೆಯುತ್ತದೆ. ಆದರೂ ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ನಾನೂ ಮಗಳು ಜಾನೇಯೂ ಇನ್ನೂ ಹ್ಯಾಟಿ ಚಿಕ್ಕಮ್ಮನ ನೆಲಮಾಳಿಗೆಯಲ್ಲೇ ಇದ್ದೇವೆ. ಗೋಡೆಯ ತೇವಕ್ಕೆ ಮಗುವಿನ ಉಬ್ಬಸ ಹೆಚ್ಚಾಗಿದೆ. ಏಪ್ರಿಲ್‌ನಲ್ಲಿ, ನಾನು ಕೆಲಸ ಮಾಡುವ ವೃದ್ಧಾಶ್ರಮಕ್ಕೆ ನಡೆದೇ ಹೋಗುವಷ್ಟು ಹತ್ತಿರ, ಬಿಸಿಲು ಬೀಳುವ ಒಂದು ಮನೆ ನೋಡಿದ್ದೆ. ಬಾಡಿಗೆ ಕಚೇರಿಯವಳು ನನ್ನ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ, "ಇಷ್ಟೊಂದು ಬಾಕಿ ಇರೋರಿಗೆ ಮನೆ ಕೊಡೋಕಾಗಲ್ಲಮ್ಮ" ಎಂದಳು. ಗ್ಯಾಸ್ ಕಂಪನಿಗೊಂದು, ಫೋನ್ ಕಂಪನಿಗೊಂದು, ನಾನು ಕಂಡೇ ಇರದ ಬಾಕಿಗಳು, ಎರಡೂ 2015ರಲ್ಲಿ ಈ ಊರಿನಲ್ಲಿ ಆದವು. ಆಗ ನಾನು ಡೇಟನ್‌ನಲ್ಲಿದ್ದೆ, ನಿನಗೂ ಗೊತ್ತು. ಯಾರೋ ಕಳ್ಳರ ಕೆಲಸವೆಂದು ಆ ರಿಪೋರ್ಟ್ ತಯಾರಿಸುವ ಕಚೇರಿಗೆ ತಕರಾರು ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ತಿಂಗಳಾದ ಮೇಲೆ "ಪರಿಶೀಲಿಸಲಾಗಿದೆ, ವಿವರ ಸರಿಯಾಗಿದೆ" ಎಂಬ ಒಂದೇ ಸಾಲಿನ ಉತ್ತರ ಬಂತು. ಫೋನ್ ಮಾಡಿದರೆ, "ಮೇಡಂ, ಕಂಪನಿಯೋರು ನಿಮ್ದೇ ಅಂತಿದಾರೆ, ನಾವೇನ್ ಮಾಡೋಣ?" ಎಂದರು. ಹಟ ಬಿಡದೆ ಮೂಲ ಅರ್ಜಿಗಳ ನಕಲು ತರಿಸಿಕೊಂಡೆ.

ಅಕ್ಷರ ಅಮ್ಮನದು. ನನ್ನ ಹೆಸರು, ನನ್ನ ಸೋಶಿಯಲ್ ಸೆಕ್ಯುರಿಟಿ ನಂಬರು, ಅವಳ ದುಂಡನೆಯ ಅಕ್ಷರ. ಆ ಚಳಿಗಾಲ ದುಡ್ಡು ಕಟ್ಟಿಲ್ಲವೆಂದು, ಮನೆ ಬೆಚ್ಚಗಿಡುವ ಅವಳ ಹೆಸರಿನ ಗ್ಯಾಸ್ ಕಡಿದುಹಾಕಿದ್ದರಂತೆ, ಕೋಟು ತೊಟ್ಟೇ ಮಲಗುತ್ತಿದ್ದಳಂತೆ. ಚಿಕ್ಕಮ್ಮ ಈಗ ಹೇಳುತ್ತಾಳೆ. ನನ್ನನ್ನು ಒಂದು ಮಾತು ಕೇಳಿದ್ದರೆ ಕೊಡುತ್ತಿರಲಿಲ್ಲವೇ? ಬಾಕಿ ಅಳಿಸಬೇಕಾದರೆ ಪೊಲೀಸ್ ದೂರು ಬೇಕು, ಮಾಡಿದವರು ಗೊತ್ತಿದ್ದರೆ ಹೆಸರು ಬರೆಯಬೇಕು. ಚಿಕ್ಕಮ್ಮ, "ಸತ್ತೋಳ ಮುಖಕ್ಕೆ ಮಸಿ ಬಳಿತೀಯಾ?" ಎಂದು ಎರಡು ದಿನ ಮಾತು ಬಿಟ್ಟಳು. ಠಾಣೆಯ ಅಧಿಕಾರಿ ಒಳ್ಳೆಯವನು. "ಬರೀರಮ್ಮ, ಸತ್ತೋರನ್ನ ನಾವೇನ್ ಹಿಡ್ಕೊಂಡ್ ಹೋಗಲ್ಲ" ಎಂದ. ಬರೆದೆ. ಅಮ್ಮನ ಪೂರ್ತಿ ಹೆಸರು, ಕೆಳಗೆ ನನ್ನ ಸಹಿ. ಹೋದ ವಾರ ಹೊಸ ರಿಪೋರ್ಟ್ ಬಂತು. ಆ ಎರಡೂ ಈಗ ಅದರಲ್ಲಿಲ್ಲ.

ಚಿಕ್ಕಮ್ಮ ನಿನ್ನನ್ನು ವಿಚಾರಿಸಿದ್ದಾಳೆ. ಮೈ ಹುಷಾರು. ದೇವರು ನಿನ್ನನ್ನು ನೀರಿನ ಮೇಲೆ ಕಾಪಾಡಲಿ.

ನಿನ್ನ ತಂಗಿ,
ವರ್ನೀಟಾ

ಮರೆತಿಲ್ಲ, ಮೇಲೆ ಬರೆಯಲಾಗಲಿಲ್ಲ ಅಷ್ಟೆ: ಇನ್ನೊಂದು ಬಾಕಿಯಿದೆ. ಅಮ್ಮನನ್ನು ಮಣ್ಣು ಮಾಡಿದ ಎಂಟು ತಿಂಗಳಿಗೆ ಡುಲುತ್‌ನಲ್ಲಿ ನನ್ನ ಹೆಸರಿನಲ್ಲಿ ತೆಗೆದ ಕ್ರೆಡಿಟ್ ಕಾರ್ಡು, ನಾಲ್ಕು ಸಾವಿರದ ನೂರು ಡಾಲರ್. ಅರ್ಜಿಯಲ್ಲಿರುವುದು ನಿನ್ನ ಬಾಡಿಗೆ ಕೋಣೆಯ ವಿಳಾಸ. ಬದುಕಿರುವವರನ್ನು ಪೊಲೀಸರು ಹಿಡಿಯುತ್ತಾರೆ, ಆದ್ದರಿಂದ ಅದರ ಮೇಲೆ ತಕರಾರು ಹಾಕಲಿಲ್ಲ. ಅದೊಂದು ಉಳಿದದ್ದಕ್ಕೆ ಮೊನ್ನೆ ಇನ್ನೊಂದು ಮನೆಯೂ ತಪ್ಪಿತು. ತಿಂಗಳಿಗಿಷ್ಟೆಂದು ನಾನೇ ಕಟ್ಟುತ್ತೇನೆ. ಚಳಿಗಾಲಕ್ಕೆ ಹಡಗು ನಿಂತಾಗ ಇಲ್ಲಿಗೆ ಬರಬೇಡ. ಮಾವ ಯಾಕೆ ಬರಲಿಲ್ಲವೆಂದು ಆಗ ಜಾನೇ ಕೇಳುತ್ತಾಳೆ. ಏನು ಹೇಳಲಿ ಎಂದು ನೀನೇ ಬರೆದು ಕಳಿಸು.