ನೂರಕ್ಕೆ ಮೂವತ್ತು

ಮಾರ್ಚ್ ೬, ಬುಧವಾರ

ಪ್ರೀತಿಯ ಸೂಜಿ,

ನೀನು ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಪತ್ರ ತಡವಾಯಿತು, ಕ್ಷಮಿಸು. ಎರಡು ವರ್ಷವನ್ನು ತಡ ಅನ್ನುತ್ತಾರೋ ಕೊಬ್ಬು ಅನ್ನುತ್ತಾರೋ ನೀನೇ ಹೇಳು. ನನ್ನ ಅಕ್ಷರ ಕಂಡ ಮೇಲೂ ಹರಿದು ಹಾಕದೆ ಇಲ್ಲಿಯತನಕ ಓದಿದ್ದರೆ, ಒಂದು ಲೋಟ ನೀರು ಕುಡಿದು ಮುಂದೆ ಓದು. ಸುದ್ದಿ ಸಂತೋಷದ್ದೇ.

ಅವತ್ತು ಜಗಳವಾಡಿ ನಿನ್ನ ಅಂಗಡಿಯಿಂದ ನನ್ನ ಮಣ್ಣಿನ ಹೂಜಿಗಳನ್ನೆಲ್ಲ ವಾಪಸು ತಂದ ಮೇಲೆ, ನಾನು ಆನ್‌ಲೈನಿನಲ್ಲಿ ಮಾರಲು ಹೊರಟದ್ದು ನಿನ್ನ ಕಿವಿಗೂ ಬಿದ್ದಿರಬೇಕು. ನೀನು ನೂರಕ್ಕೆ ಮೂವತ್ತು ಇಟ್ಟುಕೊಳ್ಳುತ್ತಿದ್ದೆ, ಅವರು ಹದಿನೈದೇ ಅಂದರು. ಅರ್ಧಕ್ಕರ್ಧ ಉಳಿಯಿತೆಂದು ಮಣ್ಣು ಮೆತ್ತಿದ ಕೈಯಲ್ಲೇ ಕುಣಿದೆ. ಮಗಳು ಫೋಟೋ ಹಿಡಿದಳು, ಖಾತೆ ತೆರೆದಳು. ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ಏನೇನೋ ಇದೆ, ಓದಲೇ ಎಂದು ಕೇಳಿದಳು. ದೊಡ್ಡಕ್ಷರವೇ ಸಾಕು ಎಂದೆ.

ಮೊದಲ ಹೂಜಿ ಆರುನೂರಕ್ಕೆ ಹೋಯಿತು. ಕೈಗೆ ಬಂದದ್ದು ಇನ್ನೂರ ತೊಂಬತ್ತಮೂರು. ಯಾರೋ ದಾರಿಯಲ್ಲಿ ಎಗರಿಸಿದ್ದಾರೆಂದೇ ತಿಳಿದೆ. ಆಮೇಲೆ ಮಗಳು ಸಣ್ಣಕ್ಷರ ಬಿಡಿಸಿ ಹೇಳಿದಳು. ಆ ಹದಿನೈದು ಬರೀ ಕಮಿಷನ್ನಂತೆ, ಅದಕ್ಕೆ ತೊಂಬತ್ತು. ಪ್ರತಿ ಆರ್ಡರಿಗೂ ಮೂವತ್ತು ಬೇರೆ. ಕೊರಿಯರಿಗೆ ನೂರ ನಲವತ್ತು. ಈ ಮೂರರ ಮೇಲೆ ತೆರಿಗೆ. ಅತ್ತೆ ಮಂಚದಿಂದಲೇ, "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ" ಅಂದರು.

ಹಗುರವಾದ ಹೂಜಿಗೆ ಅಷ್ಟೊಂದು ಕೊರಿಯರು ಯಾಕೆ ಗೊತ್ತೇ? ಅವರು ತೂಕವನ್ನಷ್ಟೇ ನೋಡುವುದಿಲ್ಲ, ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನೂ ಅಳೆಯುತ್ತಾರೆ. ಯಾವುದು ಹೆಚ್ಚು ಬರುತ್ತದೋ ಅದಕ್ಕೆ ದುಡ್ಡು. ಒಡೆದೀತೆಂಬ ಭಯಕ್ಕೆ ನಾನು ಟೇಬಲ್ ಫ್ಯಾನಿನ ಪೆಟ್ಟಿಗೆಯಲ್ಲಿಟ್ಟು ಸುತ್ತ ಹಳೇ ಪತ್ರಿಕೆ ತುರುಕಿದ್ದೆ. ಗಾಳಿಗೂ ಬಾಡಿಗೆ ಕೊಡುವ ಸೊಸೆ ಸಿಕ್ಕಳಲ್ಲ ಎಂದು ಅತ್ತೆ ಮೂರು ದಿನ ನಕ್ಕರು. ನಗಲಿ ಬಿಡು, ನನಗೂ ನಗು ಬಂತು.

ಆಮೇಲೆ ಹಟ ಹಿಡಿದು ಕಲಿತೆ. ಹೂಜಿಯ ಅಳತೆಗೆ ಸರಿಯಾದ ಗಟ್ಟಿ ಪೆಟ್ಟಿಗೆ ಮಾಡಿಸಿದೆ. ಹೂಜಿಗೆ ಎರಡು ಲೋಟ ಜೋಡಿಸಿ ಒಂದೇ ಆರ್ಡರಿನಲ್ಲಿ ಕಳಿಸಿದೆ, ಆರ್ಡರಿನ ಆ ಮೂವತ್ತು ರೂಪಾಯಿ ಒಂದೇ ಸಲ ಹೋಗಲೆಂದು. ಖರ್ಚೆಲ್ಲ ಕೂಡಿಸಿ ಆಮೇಲೆ ಬೆಲೆ ಇಟ್ಟೆ. ಹೋದ ತಿಂಗಳು ನಲವತ್ತು ಜೋಡಿ ಹೋದವು ಕಣೇ. ಅತ್ತೆ ಪೆಟ್ಟಿಗೆಗೆ ಟೇಪು ಸುತ್ತುವ ಕೆಲಸ ಹಿಡಿದಿದ್ದಾರೆ. ನೋವಿರುವುದು ಮಂಡಿಗೆ, ಕೈಗೇನು ಧಾಡಿ ಎಂದು ಅವರೇ ಹೇಳುತ್ತಾರೆ. ಮನೆಯಲ್ಲಿ ದಿನವೂ ನಗು. ಇದನ್ನು ಮೊದಲು ನಿನಗೇ ಹೇಳಬೇಕು ಅನ್ನಿಸಿತು.

ಹೇಳಬೇಕಾದ್ದು ಇನ್ನೂ ಇದೆ. ಊಟಕ್ಕೆ ಕೂತಾಗ ಕೊಳ್ಳುವವರೊಬ್ಬರು ಫೋನಿಗೆ ಮೆಸೇಜು ಹಾಕಿ, ಹೂಜಿ ಸೋರುತ್ತದೆಯೇ ಎಂದು ಕೇಳುತ್ತಾರೆ. ಸ್ನಾನಕ್ಕೆ ಹೊರಟಾಗ ಇನ್ನೊಬ್ಬರು, ಬಣ್ಣ ಇನ್ನೂ ಸ್ವಲ್ಪ ಕೆಂಪಿರಬಹುದೇ ಎನ್ನುತ್ತಾರೆ. ಎಲ್ಲರಿಗೂ ನಯವಾಗಿ ಉತ್ತರ ಬರೆಯಬೇಕು. ನನಗೂ ನಯಕ್ಕೂ ಎಷ್ಟು ದೂರ, ನಿನಗೆ ಗೊತ್ತು. ಈ ಪ್ರಶ್ನೆಗಳಿಗೆಲ್ಲ ನೀನು ಹನ್ನೊಂದು ವರ್ಷ ನಿಂತ ಕಾಲಲ್ಲಿ ಉತ್ತರ ಕೊಟ್ಟೆ. ನಿನ್ನ ಆ ಮೂವತ್ತರಲ್ಲಿ ಅಂಗಡಿ ಬಾಡಿಗೆ, ದೀಪ, ಕಾಗದ, ಮಾತು, ನಿನ್ನ ಸೊಂಟನೋವು ಎಲ್ಲ ಇತ್ತು. ನಾನು ಕಂಡದ್ದು ಮೂವತ್ತನ್ನು ಮಾತ್ರ.

ಮೂರು ವಾರದ ಹಿಂದೆ ಒಂದು ಹೂಜಿ ಮೂತಿ ಮುರಿದು ವಾಪಸು ಬಂತು. ಕೊಂಡವರ ಹಣ ಹಿಂದಕ್ಕೆ, ಹೋಗುವ ಬರುವ ಕೊರಿಯರು ನನ್ನ ತಲೆಗೆ. ಸೂಜಿಯ ಅಂಗಡಿಯಲ್ಲಿ ಹನ್ನೊಂದು ವರ್ಷ ಒಂದೂ ಒಡೆಯಲಿಲ್ಲ, ನನ್ನ ಮೂತಿ ಅಷ್ಟು ಗಟ್ಟಿ, ಇದು ಕೊರಿಯರಿನವರದೇ ತಪ್ಪು ಎಂದು ಮಗಳ ಮುಂದೆ ಜಂಬ ಕೊಚ್ಚಿದೆ. ಅವಳು ಅದರಲ್ಲಿ ಮಣ್ಣು ತುಂಬಿ ಪುದೀನ ನೆಟ್ಟಳು. ಚೆನ್ನಾಗಿ ಚಿಗುರಿದೆ.

ನಿನ್ನ ಕಿಟಕಿಯ ಪಕ್ಕದ ಕಪಾಟು ಖಾಲಿ ಇದ್ದರೆ ಹನ್ನೆರಡು ಹೂಜಿ ಇಡಲು ಜಾಗ ಕೊಡು. ನೂರಕ್ಕೆ ಮೂವತ್ತೇ ಇರಲಿ. ಮೂವತ್ತೈದು ಕೇಳಿದರೆ ಸ್ವಲ್ಪ ಗೊಣಗಿ ಒಪ್ಪುತ್ತೇನೆ. ಜಾಗ ಇಲ್ಲದಿದ್ದರೂ ಪರವಾಗಿಲ್ಲ, ನೀನು ಮಾತಾಡಿದರೆ ಸಾಕು.

ನಿನ್ನ ಹೊಸಿಲು ಗಿರಾಕಿಗಳ ಕಾಲಿಗೆ ಸವೆಯಲಿ. ನಿನ್ನ ಸೊಂಟ ಗಟ್ಟಿಯಾಗಲಿ. ಅತ್ತೆ ನಿನಗೆ ಆಶೀರ್ವಾದ ಹೇಳಿದ್ದಾರೆ, ನನಗೆ ಬೈಗುಳ.

ಸ್ಕೂಲಿನಲ್ಲಿ ನೀನೇ ಹೆಸರಿಟ್ಟ,
ನಿನ್ನ ಗಡಿಗೆ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಸಾಲದೆ ಕೆಳಗೆ ತಳ್ಳಿದ್ದು. ಅವತ್ತು ಗಿರಾಕಿಗಳ ಮುಂದೆ ನಿನಗೆ, "ಕೈ ಕೆಸರಾಗೋದು ನಂದು, ಬಾಯಿ ಮೊಸರಾಗೋದು ನಿಂದು" ಅಂದೆ. ಸಾಲದ್ದಕ್ಕೆ ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ನೀನು ಗಿಡ ನೆಟ್ಟಿದ್ದ ನನ್ನ ಹೂಜಿಗಳನ್ನು ಬೆರಳು ಮಾಡಿ ಎಣಿಸಿ, ಹತ್ತೊಂಬತ್ತನ್ನು ಬಿಟ್ಟಿ ಹೊಡೆದಿದ್ದೀಯ ಎಂದೂ ಅಂದೆ. ನೀನು ಹಳೇ ಪತ್ರಿಕೆ ತಂದು ಉಳಿದ ಹೂಜಿಗಳನ್ನು ಸುತ್ತತೊಡಗಿದೆ.

ನಿನ್ನೆ ಮಗಳು ಪುದೀನದ ಹೂಜಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಚಂದ ಕಾಣಲೆಂದು ಮುರಿದ ಮೂತಿಯನ್ನು ಗೋಡೆಗೆ ತಿರುಗಿಸಿದ್ದಳು. ಒಳಗೆ ಬಂದವಳು ನಿಂತೇಬಿಟ್ಟೆ. ನಿನ್ನ ಮೆಟ್ಟಿಲ ಮೇಲಿನ ಹತ್ತೊಂಬತ್ತೂ ಹೀಗೇ ಇದ್ದವು, ಬೆನ್ನು ಈಚೆಗೆ, ಮೂತಿ ಗೋಡೆಗೆ. ಹಳೇ ಲೆಕ್ಕ ತೆಗೆದು ನೋಡಿದೆ, ಅವೆಲ್ಲ ಮಾರಿಹೋದವೆಂದು ಬರೆದು ನೀನು ನನಗೆ ಪೂರ್ತಿ ದುಡ್ಡು ಕೊಟ್ಟಿದ್ದೆ. ಒಂದಾದರೂ ಒಡೆಯಿತೆಂದು ಹೇಳಲಿಲ್ಲ, ನನ್ನ ಜಂಬ ಮುರಿಯಬಾರದೆಂದು. ಸೂಜಿ, ನಿನ್ನೆಯಿಂದ ಚಕ್ರದ ಮುಂದೆ ಕೂರಲು ನನಗಾಗುತ್ತಿಲ್ಲ.

ಭಾನುವಾರ ಬರುತ್ತೇನೆ. ಇಪ್ಪತ್ತನೆಯದನ್ನು ಪುದೀನದ ಸಮೇತ ತರುತ್ತೇನೆ. ಅದೇ ಸಾಲಿನಲ್ಲಿಡು. ಮೂತಿ ಈಚೆಗಿರಲಿ.